ಹದಿನೇಳನೇ ಫ್ಯಾನು

ಮಾರ್ಚ್ 18, ಮಂಗಳವಾರ

ಇವತ್ತು ಸಂಜೆ ಹದಿನೇಳನೇ ಫ್ಯಾನಿಗೆ ಬೆಂಕಿ ಬಿತ್ತು.

ಕಂಪನಿಯವರು ಟರ್ಬೈನ್ ಅನ್ನುತ್ತಾರೆ. ನಮ್ಮ ಕಡೆ ಎಲ್ಲರಿಗೂ ಅದು ಫ್ಯಾನು. ಗುಡ್ಡದ ಮೇಲೆ ಇಪ್ಪತ್ತೆರಡು ಫ್ಯಾನುಗಳಿವೆ. ಹದಿನೈದರಿಂದ ಹದಿನೆಂಟರವರೆಗೆ ಹಗಲು ಕಾವಲು ನನ್ನದು. ಒಂದು ತಗಡಿನ ಶೆಡ್ಡು, ಒಂದು ಜಾಲಿಮರ, ಮರಕ್ಕೆ ತೂಗುಹಾಕಿದ ನನ್ನ ನೀರಿನ ನೀಲಿ ಕ್ಯಾನು. ಹತ್ತು ತಾಸು ಯಾರೂ ಬರುವುದಿಲ್ಲ. ರೆಕ್ಕೆಯ ನೆರಳು ಮಾತ್ರ ಶೆಡ್ಡಿನ ಮೇಲೆ ಹಾದುಹೋಗುತ್ತಿರುತ್ತದೆ.

ಆರು ಇಪ್ಪತ್ತಕ್ಕೆ ಹದಿನೇಳರ ತಲೆಯ ಹತ್ತಿರ ಹೊಗೆ ಕಂಡಿತು. ಮೋಡದ ಚೂರು ಅಂದುಕೊಂಡೆ. ಆಮೇಲೆ ಕೆಂಪಾಯಿತು. ಒಂದು ರೆಕ್ಕೆ ಹೊತ್ತಿಕೊಂಡೇ ತಿರುಗುತ್ತಿತ್ತು, ಹೊಗೆ ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುತ್ತಿತ್ತು. ಅಷ್ಟು ಎತ್ತರದ ಬೆಂಕಿಗೆ ನಾನು ಮಾಡುವುದು ಏನೂ ಇರಲಿಲ್ಲ. ಸೂಪರ್‌ವೈಸರ್ ಅರುಣಕುಮಾರ್ ಸರ್‌ಗೆ ಫೋನ್ ಮಾಡಿದೆ, ಎತ್ತಲಿಲ್ಲ. ವಿಡಿಯೋ ಮಾಡಿದೆ, ಒಂದು ನಿಮಿಷ ಹನ್ನೊಂದು ಸೆಕೆಂಡು. ಇಲ್ಲಿ ಮೊಬೈಲಿನಲ್ಲಿ ಫೋಟೋ, ವಿಡಿಯೋ ತೆಗೆಯಬಾರದು ಎಂದು ಶೆಡ್ಡಿನ ಬಾಗಿಲ ಮೇಲೇ ಬರೆದಿದೆ. ಗೊತ್ತಿದ್ದೇ ತೆಗೆದೆ.

ಅಶ್ಫಾಕನಿಗೆ ಕಳಿಸಿದೆ. ಬೇರೆ ಯಾರಿಗೆ ಕಳಿಸಲಿ? ಹಗರಿಬೊಮ್ಮನಹಳ್ಳಿಯ ಕೊಟ್ಟೂರು ರಸ್ತೆಯಲ್ಲಿ ಅವನಪ್ಪನ ಬೈಕ್ ಗ್ಯಾರೇಜಿದೆ. ಐದನೇ ತರಗತಿಯಿಂದ ನನ್ನ ಜೊತೆ ಮಾತಾಡುತ್ತಿರುವವನು ಅವನೊಬ್ಬನೇ. ಗ್ಯಾರೇಜಿನ ಹೆಸರು ಹಾಕಿ ರೀಲ್ಸ್‌ಗೆ ಬಿಡಲೇನು ಅಂತ ಕೇಳಿದ. ಬಿಡು ಅಂದೆ.

ಆಮೇಲೆ ರಿಜಿಸ್ಟರ್ ಬರೆದೆ. ಎರಡು ತಾಸಿಗೊಮ್ಮೆ ಸುತ್ತು ಹಾಕಿ, ಕಂಡದ್ದನ್ನು ಬರೆದು ಸಹಿ ಮಾಡಬೇಕು. ಉಳಿದ ಕಾವಲಿನವರು ಬೆಳಿಗ್ಗೆ ಬಂದವರೇ ಇಡೀ ದಿನದ್ದನ್ನು 'ಎಲ್ಲಾ ಸರಿ ಇದೆ' ಎಂದು ಬರೆದು ಮುಗಿಸುತ್ತಾರೆ. ಅದು ನನ್ನಿಂದ ಆಗುವುದಿಲ್ಲ.

ಇದನ್ನು ಬರೆಯುತ್ತಿರುವುದು ಹತ್ತನೇ ತರಗತಿಯ ಸಮಾಜ ವಿಜ್ಞಾನದ ನೋಟ್‌ಬುಕ್ಕಿನಲ್ಲಿ. ಮೊದಲ ಆರು ಹಾಳೆಯಲ್ಲಿ ಪಾಠವಿದೆ, ಉಳಿದದ್ದೆಲ್ಲ ಖಾಲಿ.

ಮಾರ್ಚ್ 20, ಗುರುವಾರ

ಅರುಣಕುಮಾರ್ ಸರ್ ಇಬ್ಬರು ಎಂಜಿನಿಯರುಗಳ ಜೊತೆ ಬಂದಿದ್ದರು. ಅವರು ಮೇಲೆ ನೋಡುತ್ತಾ ನಿಂತಾಗ ಸರ್ ನನ್ನನ್ನು ಶೆಡ್ಡಿನ ಹಿಂದೆ ಕರೆದರು.

"ಪಾಲಾಕ್ಷ, ಆ ಹಾಳಿ ಹರದು ಇನ್ನೊಂದು ಬರಿಯಪಾ. ದುರಸ್ತಿಗೆ ನಿಲ್ಲಿಸೀವಿ ಅಂತ."

"ಬೆಂಕಿ ಬಿದ್ದೈತಲ್ರಿ ಸರ."

"ಬಿದ್ದೈತಿ. ಯಾರು ಇಲ್ಲ ಅಂದ್ರು? ಬರಿಯೋದು ಬ್ಯಾರೆ."

ಬರೆಯುವುದಿಲ್ಲ ಅಂದೆ. ಅವರೇ ರಿಜಿಸ್ಟರ್ ಕಸಿದುಕೊಂಡು ಹಿಂದಿನ ಹಾಳೆಗಳನ್ನು ತಿರುವಿದರು. 'ಮಧ್ಯಾಹ್ನ 2: ನಿದ್ದೆ ಬಂತು. 2.40ಕ್ಕೆ ಎದ್ದೆ' ಎಂದು ಬರೆದಿದ್ದ ಕಡೆ ನಿಂತರು. ಮಲಗಿದ್ದನ್ನು ಯಾರಾದರೂ ಬರೆಯುತ್ತಾರೇನೋ ಅಂತ ಕೇಳಿದರು. ಮಲಗಿದ್ದೆನಲ್ಲ ಅಂದೆ. ನಕ್ಕು ರಿಜಿಸ್ಟರನ್ನು ನನ್ನ ಎದೆಗೆ ಒಗೆದರು. ಹೇಗೂ ಇದನ್ನು ಯಾರೂ ಓದುವುದಿಲ್ಲ ಅಂದರು. ಬಾಯಿ ಮಾತ್ರ ಬಿಡಬೇಡ ಅಂದರು.

ಶಾಲೆ ಬಿಟ್ಟದ್ದೂ ಇಂಥದಕ್ಕೇ. ಹತ್ತನೆಯ ಪರೀಕ್ಷೆಯಲ್ಲಿ ಉತ್ತರದ ಚೀಟಿಗಳು ಒಳಗೆ ಬಂದಿದ್ದವು. ತಪಾಸಣೆಗೆ ಬಂದವರು ಯಾರಾದರೂ ಹೇಳುತ್ತೀರಾ ಎಂದು ಕೇಳಿದರು. ಎಲ್ಲರೂ ತಲೆ ಬಗ್ಗಿಸಿದರು. ನಾನು ಎದ್ದು ನಿಂತು ಹೇಳಿದೆ. ಮೂವರು ಡಿಬಾರ್ ಆದರು. ಹಾಲಸ್ವಾಮಿ, ತೌಹೀದ, ಇನ್ನೊಬ್ಬ. ಆಮೇಲೆ ನನ್ನ ಪಕ್ಕ ಯಾರೂ ಕೂರಲಿಲ್ಲ, ನಾನೂ ಉಳಿದ ಪೇಪರ್ ಬರೆಯಲಿಲ್ಲ. ಅದಕ್ಕೆ ನನಗೆ ಬೇಸರವಿಲ್ಲ. ಕೇಳಿದರು, ಹೇಳಿದೆ. ಹೇಳಿದ್ದು ನಿಜ.

ಮೇ 8, ಗುರುವಾರ

ನಿನ್ನೆಯಿಂದ ಗಡಿಯಲ್ಲಿ ಯುದ್ಧ. ಗುಡ್ಡದ ಮೇಲೆ ಏನೂ ಇಲ್ಲ, ಗಾಳಿ ಜೋರಾಗಿದೆ ಅಷ್ಟೇ. ಇಳಿದು ಊರಿಗೆ ಬಂದರೆ ಬೊಮ್ಮಪ್ಪನ ಹೋಟೆಲಿನಲ್ಲಿ ಕೂರಲು ಜಾಗವಿರಲಿಲ್ಲ. ಮಿರ್ಚಿ ಬಾಣಲೆಯಲ್ಲಿ ಸೀದು ಕಪ್ಪಾಗುತ್ತಿದ್ದರೂ ಬೊಮ್ಮಪ್ಪ ಫೋನ್ ನೋಡುತ್ತಿದ್ದ.

ನಮ್ಮೂರ ಗಂಗಾಧರನಿಗೆ ಒಂದು ಪೇಜಿದೆ. ಬಿ.ಎ. ಓದಿದ್ದಾನೆ, ದನಿ ಚೆನ್ನಾಗಿದೆ. ಎಲ್ಲೆಲ್ಲಿಂದಲೋ ಬಂದ ವಿಡಿಯೋಗಳಿಗೆ ಕನ್ನಡದಲ್ಲಿ ಮಾತು ಸೇರಿಸಿ ಬಿಡುತ್ತಾನೆ. ಇವತ್ತಿನದರಲ್ಲಿ ಡೊಳ್ಳು, ಅದರ ಮೇಲೆ ಅವನ ದನಿ: ಶತ್ರುವಿನ ರಾಡಾರ್ ಭಸ್ಮ, ನೋಡಿ ನಮ್ಮವರ ಏಟು, ಎದೆ ಉಬ್ಬದಿದ್ದರೆ ನೀವು ಈ ಮಣ್ಣಿನವರೇ ಅಲ್ಲ.

ಉರಿಯುತ್ತಿದ್ದದ್ದು ಹದಿನೇಳು.

ವಿಡಿಯೋದಲ್ಲಿ ಕಂಬವನ್ನು ಕತ್ತರಿಸಿ ತಲೆಯನ್ನಷ್ಟೇ ಇಟ್ಟಿದ್ದರು. ಕೆಳಗಿನ ಅಂಚಿನಲ್ಲಿ ಜಾಲಿಯ ಕೊಂಬೆಯ ತುದಿ, ಅದರಲ್ಲಿ ನನ್ನ ಕ್ಯಾನು. 'ಅಯ್ಯೋ, ಹದಿನೇಳು ಹೊತ್ತಿ ಉರಿಯಾಕತ್ತೈತಿ' ಎಂದು ನಾನು ಕೂಗಿದ್ದು ಹೋಗಿತ್ತು.

ಇದು ನಮ್ಮ ಗುಡ್ಡದ ಫ್ಯಾನು, ಮಾರ್ಚಿನಲ್ಲಿ ನಾನೇ ತೆಗೆದದ್ದು, ಕ್ಯಾನು ನೋಡಿ ಅಂದೆ.

"ಅಲ್ಲಲೇ ಪಾಲಾಕ್ಷ, ಪಾಕಿಸ್ತಾನದಾಗ ನೀಲಿ ಕ್ಯಾನು ಸಿಗಂಗಿಲ್ಲೇನು?" ಅಂದ ಬೊಮ್ಮಪ್ಪ.

ಎಲ್ಲರೂ ನಕ್ಕರು. ಇವನಿಗೆ ನಾವು ಗೆದ್ದದ್ದೇ ಹೊಟ್ಟೆಯುರಿ ಅಂತ ಹಿಂದಿನಿಂದ ಯಾರೋ ಅಂದರು. ಈ ಊರಲ್ಲಿ ನಾನು ಮಾತಾಡಿದಾಗಲೆಲ್ಲ ಹಿಂದಿನಿಂದ ಒಬ್ಬರು ಮಾತಾಡುತ್ತಾರೆ.

ನಾಲ್ಕು ಲಕ್ಷ ಮೂವತ್ತು ಸಾವಿರ ಜನ ನೋಡಿದ್ದಾರೆ. ಸ್ವಲ್ಪ ಹೆಮ್ಮೆಯೂ ಆಯಿತು. ಇಲ್ಲಿ ಸುಳ್ಳು ಯಾಕೆ ಬರೆಯಲಿ.

ಮೇ 9, ಶುಕ್ರವಾರ

ವಾರದ ರಜೆ. ಗ್ಯಾರೇಜಿಗೆ ಹೋದೆ. ಅಶ್ಫಾಕನ ಅಪ್ಪ ಕಮಾಲಸಾಬ ಚಾಚಾ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಇಟ್ಟುಕೊಂಡು ಕೂತಿದ್ದರು. ಒಳಗೆ ಏನು ಕೆಟ್ಟಿದೆ ಎಂದು ಅವರು ಹಾಗೆಯೇ ಕೇಳಿಸಿಕೊಳ್ಳುವುದು. ಆಗ ಯಾರೂ ಮಾತಾಡಬಾರದು.

ನಾನೂ ಅಶ್ಫಾಕನೂ ಹಿಂದಿನ ಟೈರಿನ ರಾಶಿಯ ಮೇಲೆ ಕೂತು ಹದಿನೇಳನ್ನು ಹುಡುಕಿದೆವು. ಹಿಂದಿಯಲ್ಲಿ ಸಿಕ್ಕಿತು, ತೆಲುಗಿನಲ್ಲಿ ಸಿಕ್ಕಿತು. ಇನ್ನೂ ಕೆಳಗೆ ಒಂದು ಪೇಜಿನಲ್ಲಿ ಉರ್ದು ಅಕ್ಷರಗಳಿದ್ದವು. ಅಶ್ಫಾಕ್ ಚಿಕ್ಕವನಿದ್ದಾಗ ಕಲಿತ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದ.

"ಲೇ, ಇವ್ರೂ ಗೆದ್ದೀವಿ ಅಂತ ಬರ್ದಾರಲೇ. ಹಿಂದೂಸ್ತಾನದ ರಾಡಾರ್ ಉಡಾಯಿಸೀವಿ ಅಂತ."

ಟೈರಿನಿಂದ ಜಾರಿ ಬೀಳುವಷ್ಟು ನಕ್ಕೆವು. ಒಂದೇ ಹದಿನೇಳು, ಎರಡೂ ಕಡೆಯವರಿಗೆ ಗೆಲುವು. ನಾನು ದಾವಣಗೆರೆ ದಾಟಿಲ್ಲ, ನನ್ನ ಕ್ಯಾನು ಗಡಿ ದಾಟಿ ಹೋಗಿದೆ.

ಚಾಚಾ ಬಂದು ನೋಡಿದರು. ನಗಲಿಲ್ಲ.

"ಇದನ್ನ ಇಲ್ಲೇ ಬಿಡ್ರಿ. ಯಾರ ಮುಂದೂ ಆಡಬ್ಯಾಡ್ರಿ."

"ಖರೇ ಐತಲ್ರಿ ಚಾಚಾ."

"ಖರೇ ಐತಿ ಅಂತನ ಹೇಳಾಕತ್ತೀನಿ."

ಅರ್ಥವಾಗಲಿಲ್ಲ. ವಯಸ್ಸಾದವರು ಹೆದರುತ್ತಾರೆ.

ಸಂಜೆ ಹೋಟೆಲಿನಲ್ಲಿ ಗಂಗಾಧರನೇ ಇದ್ದ. ನಿನ್ನೆ ನಕ್ಕವರೂ ಇದ್ದರು. ಬಿಡಲಿಲ್ಲ ನಾನು. ಇದು ನಮ್ಮ ಗುಡ್ಡದ್ದು ಅಂದೆ. ನಂಬದಿದ್ದರೆ ಗ್ಯಾರೇಜಿನ ಅಶ್ಫಾಕನನ್ನು ಕೇಳಿ, ಮೊದಲು ಕಳಿಸಿದ್ದು ಅವನಿಗೇ, ಅವನ ರೀಲ್ಸ್‌ನಲ್ಲಿ ಇನ್ನೂ ಇದೆ ಅಂದೆ. ಅಷ್ಟೇ ಅಲ್ಲ, ಆ ಕಡೆಯವರ ಪೇಜಿನಲ್ಲೂ ಇದೇ ವಿಡಿಯೋ ಇದೆ, ಇವತ್ತು ಅಶ್ಫಾಕನೇ ನನಗೆ ಓದಿ ಹೇಳಿದ ಅಂದೆ.

ಯಾರೂ ನಗಲಿಲ್ಲ. ಗಂಗಾಧರ ಕೊನೆಯವರೆಗೂ ಕೇಳಿಸಿಕೊಂಡ. ಅಶ್ಫಾಕನ ಪೇಜಿನ ಹೆಸರೇನು ಅಂತ ಕೇಳಿದ, ಹೇಳಿದೆ. ನನಗೆ ಚಹಾ ಅವನೇ ಹೇಳಿದ. ನನ್ನ ಮಾತನ್ನು ಒಬ್ಬರು ಪೂರ್ತಿ ಕೇಳಿ ಎಷ್ಟು ದಿನವಾಗಿತ್ತೋ. ಮನೆಗೆ ಹಾಡು ಗುನುಗುತ್ತ ಬಂದೆನಂತೆ. ಅವ್ವ ಹೇಳಿದಳು.

ಮೇ 10, ಶನಿವಾರ

ಯುದ್ಧ ನಿಂತಿತಂತೆ. ಸಂಜೆ ಹೋಟೆಲಿನಲ್ಲಿ ಎಲ್ಲರೂ ಏನೋ ಕಳೆದುಕೊಂಡವರಂತೆ ಕೂತಿದ್ದರು.

ಮೇ 12, ಸೋಮವಾರ

ಗುಡ್ಡದ ಮೇಲೆ ಮಧ್ಯಾಹ್ನ ನೋಡಿದೆ. ಗಂಗಾಧರನ ಹೊಸ ವಿಡಿಯೋ. ಈ ಸಲ ಡೊಳ್ಳಿಲ್ಲ. ಮೆಲ್ಲಗೆ, ಸಂಕಟದಲ್ಲಿರುವವನ ಹಾಗೆ ಮಾತಾಡಿದ್ದಾನೆ.

ಅವನು ಹೇಳಿದ್ದನ್ನು ಇದ್ದ ಹಾಗೆ ಬರೆದುಕೊಳ್ಳುತ್ತೇನೆ. ಆ ಬೆಂಕಿ ಶತ್ರು ದೇಶದ್ದಲ್ಲ, ನಮ್ಮ ತಾಲೂಕಿನದೇ ಗುಡ್ಡದ್ದು. ಶತ್ರುವಿನ ಡ್ರೋನ್ ನಮ್ಮ ಮನೆಯ ತನಕ ಬಂದಿದೆ, ಕಂಪನಿ ಮುಚ್ಚಿಡುತ್ತಿದೆ. ಈ ವಿಡಿಯೋ ಮೊದಲು ಇದ್ದದ್ದು ಹಗರಿಬೊಮ್ಮನಹಳ್ಳಿಯ ಒಬ್ಬ ಗ್ಯಾರೇಜಿನವನ ಹತ್ತಿರ. ಅವನಿಗೆ ಉರ್ದು ಓದಲು ಬರುತ್ತದೆ. ಶತ್ರುವಿನ ಪೇಜಿಗೆ ಇದೇ ವಿಡಿಯೋ ಹೇಗೆ ಹೋಯಿತು? ನಾನು ಏನೂ ಹೇಳುವುದಿಲ್ಲ, ಕೇಳುತ್ತಿದ್ದೇನೆ ಅಷ್ಟೇ.

ಕೊನೆಗೆ ಗ್ಯಾರೇಜಿನ ಬೋರ್ಡಿನ ಫೋಟೋ.

ನನ್ನ ಬಗ್ಗೆಯೂ ಒಂದು ಮಾತಿದೆ. 'ಏನೂ ಅರಿಯದ ಮುಗ್ಧ ಕಾವಲುಗಾರನಿಂದ ವಿಡಿಯೋ ತರಿಸಿಕೊಂಡು' ಅಂತ. ನಮ್ಮೂರಲ್ಲಿ ನನ್ನ ಬಗ್ಗೆ ಒಳ್ಳೆಯ ಮಾತು ಬಂದದ್ದು ಇದೇ ಮೊದಲು. ಅದೂ ಸುಳ್ಳು.

ನಮ್ಮ ಗುಡ್ಡದ್ದು ಅಂದವನು ನಾನು. ಅಶ್ಫಾಕನ ಹತ್ತಿರ ಮೊದಲು ಇತ್ತು ಅಂದವನು ನಾನು. ಅವನು ಉರ್ದು ಓದಿದ ಅಂದವನು ನಾನು. ನಾನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ.

ನಾಲ್ಕು ಗಂಟೆಯ ಸುತ್ತು ಹಾಕಲಿಲ್ಲ. ರಿಜಿಸ್ಟರ್‌ನಲ್ಲಿ ಹಾಗೆಯೇ ಬರೆದೆ.

ಮೇ 13, ಮಂಗಳವಾರ

ಬೆಳಿಗ್ಗೆ ಗಂಗಾಧರನ ಮನೆಗೆ ಹೋಗಿ ಫೋನಿನಲ್ಲಿದ್ದ ಅಸಲು ವಿಡಿಯೋ ತೋರಿಸಿದೆ. ಮಾರ್ಚ್ ಹದಿನೆಂಟು ಎಂದು ತಾರೀಕಿದೆ. ಆಗ ಯುದ್ಧವೆಲ್ಲಿತ್ತು, ಡ್ರೋನ್ ಎಲ್ಲಿತ್ತು ಅಂತ ಕೇಳಿದೆ. ಅವನು ತಾರೀಕನ್ನೇ ಬಹಳ ಹೊತ್ತು ನೋಡಿದ.

"ಅಂದ್ರ ಯುದ್ಧಕ್ಕಿಂತ ಮೊದ್ಲ ಅವ್ನ ಹತ್ರ ಇತ್ತು" ಅಂದ.

"ನಾ ಕಳಿಸಿದ್ದೆ. ನಾ ಮಾಡಿದ ವಿಡಿಯೋ ಅದು."

"ನೀ ಕಳಿಸಿದಿ ಅಂತ ನಿನಗನಸ್ತೈತಿ, ತಮ್ಮಾ. ತರಿಸ್ಕೊಂಡಾರ. ನೀ ಸಾದಾ ಮನಶ್ಯಾ, ನಿನಗ ತಿಳಿಯಂಗಿಲ್ಲ."

ಸಿಟ್ಟಿನಿಂದ ಹೇಳಲಿಲ್ಲ, ಹೆಗಲ ಮೇಲೆ ಕೈಯಿಟ್ಟು ಹೇಳಿದ. ಅವನು ಅದನ್ನು ನಿಜವಾಗಿಯೂ ನಂಬಿದ್ದಾನೆ ಅಂತ ಆಗ ಅನ್ನಿಸಿತು. ಸುಳ್ಳುಗಾರನ ಜೊತೆ ಜಗಳ ಮಾಡಬಹುದು. ನಂಬಿದವನ ಜೊತೆ ಹೇಗೆ ಮಾಡುವುದು?

ಮಧ್ಯಾಹ್ನದ ಹೊತ್ತಿಗೆ ಅವನ ವಿಡಿಯೋದಲ್ಲಿ ತಾರೀಕೂ ಸೇರಿತ್ತು. ಯುದ್ಧಕ್ಕೆ ಎರಡು ತಿಂಗಳು ಮೊದಲೇ ಗೊತ್ತಿತ್ತು ಅಂತ.

ಅಶ್ಫಾಕ್ ಫೋನ್ ಎತ್ತುತ್ತಿಲ್ಲ. ಹನ್ನೊಂದು ಸಲ ಮಾಡಿದೆ.

ಮೇ 14, ಬುಧವಾರ

ಸಂಜೆ ಗ್ಯಾರೇಜಿನ ಪಕ್ಕದ ಎಳನೀರಿನವನಿಗೆ ಫೋನ್ ಮಾಡಿದೆ. ಬೆಳಿಗ್ಗೆಯೇ ಅಶ್ಫಾಕನನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋಗಿದ್ದಾರಂತೆ. ವಿಚಾರಣೆ ಅಷ್ಟೇ ಅಂತೆ. ದುರಸ್ತಿಗೆ ಬಿಟ್ಟಿದ್ದ ಬೈಕುಗಳನ್ನು ಜನ ಅರ್ಧ ಬಿಚ್ಚಿದ ಹಾಗೆಯೇ ತಳ್ಳಿಕೊಂಡು ಹೋದರಂತೆ.

ಚಾಚಾ ಏನು ಮಾಡಿದರು ಅಂತ ಕೇಳಿದೆ. ಬಿದ್ದ ನಟ್ಟುಗಳನ್ನು ಆರಿಸಿಕೊಂಡು ಅವರವರ ಕೈಗೆ ಕೊಟ್ಟರಂತೆ.

ಮೇ 15, ಗುರುವಾರ

ಬೆಳಿಗ್ಗೆ ಅರುಣಕುಮಾರ್ ಸರ್‌ಗೆ ಫೋನ್ ಮಾಡಿ ರಿಜಿಸ್ಟರನ್ನು ಸ್ಟೇಷನ್ನಿಗೆ ಒಯ್ಯುತ್ತೇನೆ ಅಂದೆ. ಒಯ್ದರೆ ಗುಡ್ಡಕ್ಕೆ ವಾಪಸ್ ಬರಬೇಡ ಅಂದರು. ಆಯಿತು ಸರ್ ಅಂದೆ. ಕೇಳದೆ ಒಯ್ದರೆ ಕದ್ದ ಹಾಗಾಗುತ್ತದೆ, ಅದಕ್ಕೇ ಫೋನ್ ಮಾಡಿದ್ದು.

ಅಂಗಿಯೊಳಗೆ ಇಟ್ಟುಕೊಂಡು ಬಸ್ಸು ಹತ್ತಿದೆ. ಕ್ಯಾನನ್ನೂ ಮರದಿಂದ ಬಿಚ್ಚಿಕೊಂಡೆ, ಅದು ನನ್ನದು.

ಸ್ಟೇಷನ್ನಿನ ಬಾಗಿಲಲ್ಲಿ ಚಾಚಾ ಚಪ್ಪಲಿ ಬಿಟ್ಟು ನಿಂತಿದ್ದರು. ಅಲ್ಲಿ ಚಪ್ಪಲಿ ಬಿಡಬೇಕಾಗಿಲ್ಲ. ಒಳಗೆ ಬೆಂಚಿನ ತುದಿಯಲ್ಲಿ ಅಶ್ಫಾಕ್ ಕೂತಿದ್ದ. ನಿನ್ನೆ ರಾತ್ರಿ ಮನೆಗೆ ಕಳಿಸಿ ಬೆಳಿಗ್ಗೆ ಮತ್ತೆ ಕರೆಸಿದ್ದರು. ನನ್ನನ್ನು ನೋಡಿ ಮುಖ ಗೋಡೆಗೆ ತಿರುಗಿಸಿದ.

ದಪ್ಪ ಕನ್ನಡಕದ ಸಾಹೇಬರು ಮೊದಲು ಫೋನಿನಲ್ಲಿದ್ದ ವಿಡಿಯೋ ನೋಡಿದರು. ನನ್ನ ಕೂಗು ಕೇಳಿದರು. ತಾರೀಕನ್ನು ಬದಲಿಸಬಹುದಲ್ಲವೇನೋ ಅಂದರು. ರಿಜಿಸ್ಟರ್ ಕೊಟ್ಟೆ. ಮಾರ್ಚ್ ಹದಿನೆಂಟರ ಹಾಳೆ ನೋಡಿದರು: 'ಸಂಜೆ 6.20: ಹದಿನೇಳರ ತಲೆಗೆ ಬೆಂಕಿ. ಸರ್ ಫೋನ್ ಎತ್ತಲಿಲ್ಲ. ನಿಯಮ ಮೀರಿ ವಿಡಿಯೋ ಮಾಡಿದೆ. ಅಶ್ಫಾಕನಿಗೆ ಕಳಿಸಿದೆ. 7.30: ತಾನೇ ಆರಿತು.' ಇದನ್ನೂ ನಿನ್ನೆ ಕೂತು ಬರೆದಿರಬಹುದು ಅಂದರು. ಆಮೇಲೆ ಸುಮ್ಮನೆ ಹಿಂದಕ್ಕೂ ಮುಂದಕ್ಕೂ ತಿರುವಿದರು. ತುಟಿ ಬಿಗಿ ಹಿಡಿದು ಓದಿದರು.

"ಇದೇನೋ ಇದು? 'ಹೋತ ಬಂದು ನನ್ನ ರೊಟ್ಟಿ ತಿಂದಿತು. ಓಡಿಸಲಿಲ್ಲ.'"

"ಆಗಿದ್ದು ಬರದೀನ್ರಿ ಸರ."

"'ಮಧ್ಯಾಹ್ನ 2: ನಿದ್ದೆ ಬಂತು.' ಮತ್ತ ಇಲ್ಲೂ ನಿದ್ದಿ. ಇಲ್ಲೂ. ಎಷ್ಟು ಮಲಗ್ತೀಯೋ ಮಾರಾಯ?"

"ಗಾಳಿ ತಂಪಿರ್ತೈತ್ರಿ."

ಬರೆಯುತ್ತಿದ್ದ ಪೇದೆ ನಕ್ಕುಬಿಟ್ಟ. ಸಾಹೇಬರು ನಗಲಿಲ್ಲ. ಕನ್ನಡಕ ತೆಗೆದು ರಿಜಿಸ್ಟರ್ ಮುಚ್ಚಿದರು.

"ಮಲಗಿದ್ದನ್ನ ತಾನ ಬರದು ಸಹಿ ಮಾಡಿದವ್ನು ಬೆಂಕಿ ಬಗ್ಗೆ ಯಾಕ ಸುಳ್ಳು ಬರೀತಾನ" ಅಂದರು. ನನಗಲ್ಲ, ಪೇದೆಗೆ.

ನನ್ನ ಹೇಳಿಕೆ ಬರೆಸಿಕೊಂಡು, ಗಂಗಾಧರನಿಗೆ ಫೋನ್ ಮಾಡಿಸಿ, ಮೂರು ಗಂಟೆಗೆ ಅಶ್ಫಾಕನನ್ನು ಬಿಟ್ಟರು.

ಹೊರಗೆ ಅವನು ಬೈಕಿನ ಹತ್ತಿರ ನಿಂತು ಕೇಳಿದ.

"ನನ್ನ ಹೆಸರು ಯಾರು ಹೇಳಿದ್ರು?"

"ನಾನ."

"ಯಾಕಲೇ?"

"ಅವ್ರು ನಂಬಲಿಲ್ಲ. ನಂಬಲಿ ಅಂತ."

ಅವನು ಕಿಕ್ ಹೊಡೆದ. "ನಂಬಿದ್ರಲ್ಲ" ಅಂದ. ಚಾಚಾ ಹಿಂದೆ ಕೂತರು. ಹೋದರು.

ಬಸ್ಸಿಗೆ ಒಂದು ತಾಸು ಕಾದೆ. ಕ್ಯಾನಿನಲ್ಲಿ ನೀರಿರಲಿಲ್ಲ.

ಮೇ 17, ಶನಿವಾರ

ಟಾರ್ಚು, ಸೀಟಿ, ಕಂಪನಿಯ ಅಂಗಿ ವಾಪಸ್ ಕೊಟ್ಟು ಬಂದೆ. ಅರುಣಕುಮಾರ್ ಸರ್ ಬೈಯಲಿಲ್ಲ. ನಿನ್ನಂಥವನನ್ನು ಎಲ್ಲಿ ಇಡಬೇಕು ಅಂತ ಯಾರಿಗೂ ತಿಳಿಯುವುದಿಲ್ಲ ಅಂದರು. ಅದು ಬೈಗುಳವೋ ಏನೋ ಗೊತ್ತಾಗಲಿಲ್ಲ.

ಹಾಲಸ್ವಾಮಿ, ತೌಹೀದ, ಇನ್ನೊಬ್ಬ. ಡಿಬಾರ್ ಆದ ಆ ಮೂರನೆಯವನ ಹೆಸರು ಬೆಳಿಗ್ಗೆಯಿಂದ ನೆನಪಾಗುತ್ತಿಲ್ಲ. ಹಾಸ್ಟೆಲಿನವನು, ಕಡೇ ಬೆಂಚು. ಎಡಗೈಯಲ್ಲಿ ಬರೆಯುತ್ತಿದ್ದ.

ಮೇ 21, ಬುಧವಾರ

ನಾನೂ ಒಂದು ವಿಡಿಯೋ ಮಾಡಿ ನಾಲ್ಕು ದಿನವಾಯಿತು. ಮನೆಯ ಗೋಡೆಗೆ ಒರಗಿ ನಿಂತು ನಡೆದದ್ದನ್ನೆಲ್ಲ ಹೇಳಿದ್ದೇನೆ. ಸಂಗೀತ ಹಾಕಿಲ್ಲ. ನಲವತ್ತೊಂದು ಜನ ನೋಡಿದ್ದಾರೆ. ಅದರಲ್ಲಿ ಹತ್ತು ಸಲ ನಾನೇ. ಒಬ್ಬ 'ಎಷ್ಟು ಕೊಟ್ಟರು' ಅಂತ ಕೇಳಿದ್ದಾನೆ. 'ಯಾರೂ ಏನೂ ಕೊಟ್ಟಿಲ್ಲ' ಅಂತ ಉತ್ತರ ಬರೆದೆ.

ಗಂಗಾಧರ ಗ್ಯಾರೇಜಿನ ಬಗ್ಗೆ ಬಿಟ್ಟಿದ್ದ ವಿಡಿಯೋ ತೆಗೆದುಹಾಕಿದ್ದಾನೆ. ಯಾಕೆ ತೆಗೆದೆ ಅಂತ ಒಂದು ಸಾಲೂ ಇಲ್ಲ. ತೆಗೆದರೇನು, ಉಳಿದವರ ಫೋನಿನಲ್ಲಿ ಇದೆ. ಅವನ ಪೇಜಿನಲ್ಲಿ ಈಗ ಬೇರೆ ಯಾವುದೋ ದೇಶ ಉರಿಯುತ್ತಿದೆ.

ಬೊಮ್ಮಪ್ಪ ಒಬ್ಬನೇ ಇದ್ದಾಗ ಮಂಡಕ್ಕಿ ಕಟ್ಟಿಕೊಡುತ್ತ, ನೀನು ಹೇಳಿದ್ದು ಖರೆ ಇದ್ದೀತು ಬಿಡು ಅಂದ. ಹಾಗಾದರೆ ಎಲ್ಲರೂ ಇದ್ದಾಗ ಹೇಳು ಅಂದೆ. ಮಂಡಕ್ಕಿಗೆ ಇನ್ನೊಂದು ಮಿರ್ಚಿ ಹಾಕಿಕೊಟ್ಟ.

ಜೂನ್ 2, ಸೋಮವಾರ

ಹಗರಿಬೊಮ್ಮನಹಳ್ಳಿಯ ಮಂಡಿಯಲ್ಲಿ ಚೀಲ ಹೊರುವ ಕೆಲಸ ಸಿಕ್ಕಿದೆ. ಮೊದಲ ಬಸ್ಸಿಗೆ ಹೋಗುತ್ತೇನೆ. ಮಂಡಿ ತೆರೆಯುವುದು ಎಂಟಕ್ಕೆ, ಬಸ್ಸು ಮುಟ್ಟುವುದು ಆರೂವರೆಗೆ. ನಡುವೆ ಹೋಗಲು ಜಾಗವಿಲ್ಲ, ಕೊಟ್ಟೂರು ರಸ್ತೆಯಲ್ಲಿ ಅಡ್ಡಾಡುತ್ತೇನೆ.

ಗ್ಯಾರೇಜಿನ ಶಟರ್ ಮೇಲೆ ಯಾರೋ ಕಪ್ಪು ಬಣ್ಣದಲ್ಲಿ 'ದ್ರೋಹಿ' ಅಂತ ಬರೆದಿದ್ದಾರೆ. ದೊಡ್ಡ ಅಕ್ಷರ, ಎರಡು ಮೊಳ.

ಅಶ್ಫಾಕ್ ಊರಲ್ಲಿಲ್ಲವಂತೆ. ಗಂಗಾವತಿಯಲ್ಲಿ ಅವನ ಮಾವನ ಗ್ಯಾರೇಜಿದೆ, ಅಲ್ಲಿಗೆ ಹೋಗಿದ್ದಾನೆ. ಚಾಚಾ ಒಬ್ಬರೇ ಒಂಬತ್ತಕ್ಕೆ ಬಂದು ತೆರೆಯುತ್ತಾರೆ. ಎಳನೀರಿನವ ಹೇಳಿದ.

ಜೂನ್ 3, ಮಂಗಳವಾರ

ಅವ್ವನ ಹಳೇ ಸ್ಟೋವಿನ ಸೀಮೆಎಣ್ಣೆ ಬಾಟಲಿಯಲ್ಲಿ ಅರ್ಧ ಇತ್ತು. ಒಂದು ಬನಿಯನ್ನು ಹರಿದುಕೊಂಡೆ. ಕ್ಯಾನಿನಲ್ಲಿ ನೀರು. ಏಳೂವರೆಗೆ ಮುಗಿಯಿತು.

ಜೂನ್ 5, ಗುರುವಾರ

ಮತ್ತೆ ಬರೆದಿದ್ದಾರೆ. ಮತ್ತೆ ಒರೆಸಿದೆ.

ಜೂನ್ 7, ಶನಿವಾರ

ಬಕ್ರೀದ್. ಪ್ರತಿ ವರ್ಷ ಅಶ್ಫಾಕ್ ಫೋನ್ ಮಾಡುತ್ತಿದ್ದ. ನಾನು ಮಾಂಸ ತಿನ್ನುವುದಿಲ್ಲವೆಂದು ಅವನ ಅಮ್ಮ ಮುಮ್ತಾಜ್ ಚಾಚಿ ನನಗೆ ಅಂತಲೇ ಸಿಹಿಯನ್ನು ಬೇರೆ ಪಾತ್ರೆಯಲ್ಲಿ ಮಾಡುತ್ತಿದ್ದರು. ಬೇರೆ ಪಾತ್ರೆ ಅಂತ ಎರಡು ಸಲ ಹೇಳುತ್ತಿದ್ದರು.

ಸಂಜೆಯವರೆಗೆ ಫೋನನ್ನು ಜೇಬಿನಿಂದ ತೆಗೆದು ನೋಡುತ್ತಿದ್ದೆ.

ಜೂನ್ 11, ಬುಧವಾರ

ಹುಲುಗೇಶ. ಮೂರನೆಯವನ ಹೆಸರು ಹುಲುಗೇಶ. ಚೀಲ ಹೊತ್ತು ಲಾರಿಯ ಹಲಗೆ ಹತ್ತುವಾಗ ತಟ್ಟನೆ ನೆನಪಾಯಿತು. ಹತ್ತಿರವಿದ್ದವರನ್ನೆಲ್ಲ ಕೇಳಿದೆ, ಅವನು ಎಲ್ಲಿದ್ದಾನೆ ಅಂತ ಯಾರಿಗೂ ಗೊತ್ತಿಲ್ಲ. ಹರಪನಹಳ್ಳಿಯ ಕಡೆ ನೀಲಗುಂದದವನು ಇರಬೇಕು ಅಂತ ಒಬ್ಬ ಅಂದ. ಒಂದು ರಜೆಯ ದಿನ ಹೋಗಿ ಬರಬೇಕು. ಹೋಗಿ ಏನು ಹೇಳುವುದೋ ಗೊತ್ತಿಲ್ಲ.

ಜೂನ್ 16, ಸೋಮವಾರ

ಇವತ್ತು ಮತ್ತೆ ಇತ್ತು. ಬರೀ ಆ ಒಂದು ಮಾತಲ್ಲ, ಕೆಳಗೆ ಅಶ್ಫಾಕನ ಹೆಸರನ್ನೂ ಬರೆದಿದ್ದರು. ಹೆಸರನ್ನು ಮೊದಲು ಒರೆಸಿದೆ. ಉಳಿದದ್ದು ಅರ್ಧ ಆಗುವಷ್ಟರಲ್ಲಿ ರಸ್ತೆಯಲ್ಲಿ ಇಬ್ಬರು ಬೈಕ್ ನಿಲ್ಲಿಸಿ ಫೋನ್ ಹಿಡಿದು ನನ್ನ ವಿಡಿಯೋ ಮಾಡಿಕೊಂಡರು. ಏನು ಮಾತು ಸೇರಿಸಿ ಬಿಡುತ್ತಾರೋ. ನಿಂತು ಹೇಳಬೇಕು, ಒಂದೊಂದಾಗಿ ಹೇಳಬೇಕು ಅಂತ ಬಾಯಿಯವರೆಗೆ ಬಂತು. ಶಟರ್ ಇನ್ನೂ ಅರ್ಧ ಉಳಿದಿತ್ತು. ಒರೆಸಿದೆ.

ಎಂಟಕ್ಕೆ ಹತ್ತು ನಿಮಿಷವಿರುವಾಗ ಚಾಚಾ ಬಂದರು. ಒಂದು ತಾಸು ಮೊದಲೇ. ಬನಿಯನ್ ತುಂಡನ್ನು ಬೆನ್ನ ಹಿಂದೆ ಹಿಡಿದುಕೊಂಡೆ. ಒಂದು ತಿಂಗಳಿಂದ ಅವರ ಮುಂದೆ ನಿಂತಿರಲಿಲ್ಲ. ಗಡ್ಡ ಪೂರ್ತಿ ಬೆಳ್ಳಗಾಗಿದೆ.

ಶಟರ್ ಮೇಲೆ ಅಂಗೈ ಇಟ್ಟು ನೋಡಿಕೊಂಡರು.

"ಯಾಕೋ ಹಸಿ ಐತಿ?"

"ಧೂಳಿತ್ರಿ ಚಾಚಾ. ತೊಳದೆ."

ಅಂಗೈಯನ್ನು ಮೂಗಿನ ಹತ್ತಿರ ಒಯ್ದರು. ನಾನು ರಸ್ತೆ ನೋಡಿದೆ. ಅವರು ಎಂಜಿನ್ನಿನೊಳಗಿನ ಸದ್ದು ಕೇಳಿಸಿಕೊಳ್ಳುವಾಗಿನ ಹಾಗೆ ತಲೆ ವಾಲಿಸಿದರು. ಆಮೇಲೆ ಬೀಗ ತೆಗೆದು ಶಟರನ್ನು ಮೇಲಕ್ಕೆ ಎತ್ತಿದರು. ಒಳಗಿನಿಂದ ಒಂದು ತಗಡಿನ ಡಬ್ಬಿ ತಂದು ನನ್ನ ಕ್ಯಾನಿನ ಪಕ್ಕ ಇಟ್ಟರು.

"ಸೀಮಿಎಣ್ಣಿ ಕಲಿ ಬಿಡ್ತೈತಿ. ನಾ ರಾತ್ರಿ ಬಂದು ನೋಡಿ, ಬರದಿದ್ರ ತಿನ್ನರ್ ಹಚ್ಚಿ ಒರಸ್ತೀನಿ. ನೀನೂ ಅದನ್ನ ಹಚ್ಚು."

ನಾನು ಒರೆಸದ ದಿನಗಳಲ್ಲಿ ಶಟರ್ ಹೇಗೆ ಖಾಲಿ ಇರುತ್ತಿತ್ತು ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಅಶ್ಫಾಕನ ಬಗ್ಗೆ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಕೆಳಗೆ ಅವನ ಹೆಸರೂ ಇತ್ತು ಎಂಬುದನ್ನು ನಾನು ಹೇಳಲಿಲ್ಲ. ಮಂಡಿಗೆ ತಡವಾಯಿತು.

ಧೂಳೂ ಇತ್ತು, ಅದು ಸುಳ್ಳಲ್ಲ. ಆದರೆ ಅವರು ಕೇಳಿದ್ದಕ್ಕೆ ನಾನು ಪೂರ್ತಿ ಹೇಳಲಿಲ್ಲ ಅಂತ ಇಲ್ಲಿ ಬರೆದಿಡುತ್ತಿದ್ದೇನೆ. ಸಹಿ: ಪಾಲಾಕ್ಷ.